ಅಲೆಕ್ಸಾಂಡರ್ ಬಟ್ಲೆರೊವ್ (1828–1886)

ಪ್ರಸಿದ್ಧ ರಸಾಯನಶಾಸ್ತ್ರಜ್ಞರಾದ ಅಲೆಕ್ಸಾಂಡರ್ ಬಟ್ಲೆರೊವ್ ಅವರು 1828ರಲ್ಲಿ ರಷ್ಯಾ ದೇಶದ ಕಜಾನ್ ಪ್ರಾಂತ್ಯದ ಚಿಸ್ತೊಪೋಲ್‌ನಲ್ಲಿ ಜನಿಸಿದರು. ಶಾಲಾ ವಸತಿಗೃಹದಲ್ಲಿ ಗುಟ್ಟಾಗಿ ನಡೆಸಿದ ಪ್ರಯೋಗವೊಂದು ಸ್ಫೋಟಗೊಂಡಾಗ, ಮಹಾ ರಸಾಯನಜ್ಞನೆಂದು ಅಣಕಿಸುವ ಫಲಕವನ್ನು ಬಾಲಕನ ಕೊರಳಿಗೆ ತೂಗುಹಾಕಿ ಶಿಕ್ಷಿಸಲಾಯಿತೆಂದು ಹೇಳಲಾಗುತ್ತದೆ. ಅಣಕದ ಬಿರುದು ಮುಂದೆ ನಿಜವೇ ಆಯಿತು.

ಕಜಾನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಅವರು 1861ರಲ್ಲಿ ಫಾರ್ಮಾಲ್ಡಿಹೈಡ್‌ನಿಂದಾದ ವಸ್ತುವೊಂದನ್ನು ಸುಣ್ಣದ ತಿಳಿನೀರಿನೊಡನೆ ಕಾಯಿಸಿದಾಗ ಸಿಹಿಯಾದ ಪಾಕ ದೊರೆಯಿತು. ಸಸ್ಯದ ನೆರವಿಲ್ಲದೆ ಸಕ್ಕರೆಯ ಸ್ವರೂಪದ ವಸ್ತು ತಯಾರಾದ ಮೊದಲ ನಿದರ್ಶನವಿದು. ಒಂದೊಂದೇ ಇಂಗಾಲದ ಪರಮಾಣುವುಳ್ಳ ಅಣುಗಳು ಕೂಡಿ ಎರಡು, ಮೂರು, ಐದು, ಆರು ಇಂಗಾಲಗಳ ಅಣುಗಳಾಗುವ ಸದರಿ ಕ್ರಿಯೆಗೆ ಫಾರ್ಮೋಸ್ ಕ್ರಿಯೆ ಎಂದು ಹೆಸರು. ಆರಂಭದಲ್ಲಿ ಇದು ನಿಧಾನ. ಸ್ವಲ್ಪ ಗ್ಲೈಕಾಲ್ಡಿಹೈಡ್ ಉಂಟಾದೊಡನೆ, ಬಡ್ಡಿಯು ಅಸಲಿಗೆ ಸೇರಿ ಬೆಳೆಯುವಂತೆ, ತಾನಾಗಿಯೇ ವೇಗ ಪಡೆಯುತ್ತದೆ. ಇದರ ಕ್ರಮವನ್ನು 1959ರಲ್ಲಿ ಅಮೆರಿಕದ ರೊನಾಲ್ಡ್ ಬ್ರೆಸ್ಲೋ ವಿವರಿಸಿದರು.

ಜೀವಿಗಳ ಆರ್‌ಎನ್‌ಎ ಅಣುವಿಗೆ ಅವಶ್ಯವಾದ ರೈಬೋಸ್ ಸಹ ಈ ಪಾಕದಲ್ಲಿರುವುದರಿಂದ, ಆದಿ ಭೂಮಿಯಲ್ಲಿ ಜೀವವು ಹೇಗೆ ಉದಯಿಸಿತೆಂಬ ವಿಚಾರದಲ್ಲಿ ಬಟ್ಲೆರೊವ್ ಅವರ ಪ್ರಯೋಗಕ್ಕೆ ಹೊಸ ಮಹತ್ವ ಬಂದಿತು. ಅವರ ಕಾಲದಲ್ಲಿ ಆರ್‌ಎನ್‌ಎ ಎಂಬುದರ ಅರಿವೇ ಇರಲಿಲ್ಲ. ಆದರೆ ರೈಬೋಸ್‌ನ ಪ್ರಮಾಣ ಅತ್ಯಲ್ಪ. ಹೆಚ್ಚು ಹೊತ್ತು ಕಾಯಿಸಿದಲ್ಲಿ ಪಾಕವೆಲ್ಲವೂ ಕಂದು ಅಂಟಾಗಿ ಕೆಡುತ್ತದೆ. ಬೋರೇಟ್ ಖನಿಜಗಳು ರೈಬೋಸನ್ನು ಕಾಪಾಡಬಲ್ಲವೆಂದು 2004ರಲ್ಲಿ ತೋರಿಸಲಾಯಿತಾದರೂ ತೊಡಕು ಪೂರ್ಣವಾಗಿ ಪರಿಹಾರವಾಗಿಲ್ಲ.

ನಂತರ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸೇವೆ ಸಲ್ಲಿಸಿದ ಶ್ರೀಯುತರು ಜೇನು ಸಾಕಣೆಯಲ್ಲೂ ಅಷ್ಟೇ ಆಸಕ್ತರು. ರೈತರಿಗೆ ಉಪಯುಕ್ತವಾದ ಜೇನು ಕೃಷಿಯ ಪುಸ್ತಕವನ್ನು 1871ರಲ್ಲಿ ಪ್ರಕಟಿಸಿದರು. 1886ರಲ್ಲಿ ಸ್ವಗ್ರಾಮದಲ್ಲಿ ನಿಧನರಾದರು.