ಹೇಡಿ ಎನಿಸಿಕೊಂಡಿದ್ದ ಹೀರೊ

ಯುದ್ಧವಿಮಾನದ ಪೈಲಟ್ ಎಂದರೆ ನಮಗೆ ನೆನಪಾಗುವುದು ಸಿನಿಮಾ ಹೀರೊ. ಕೂಲಿಂಗ್ ಗ್ಲಾಸ್, ಎದೆಯುಬ್ಬಿಸಿದ ನಡಿಗೆ. ಮೊದಲ ಮಹಾಯುದ್ಧದಲ್ಲಿ ಹೆಸರು ಮಾಡಿದ ಬ್ರಿಟನ್ನಿನ ಮಿಕ್ ಮ್ಯಾನಕ್ ಕೂಡ ಹಾಗೇ ಇದ್ದಿರಬೇಕು ಎಂದುಕೊಂಡೇ ನಾನು ಅವನ ಬಗ್ಗೆ ಓದಲು ಕುಳಿತಿದ್ದು.

ಮ್ಯಾನಕ್ ಹುಟ್ಟಿದ್ದು 1887ರಲ್ಲಿ. ಅಪ್ಪ ಸೈನಿಕನಾಗಿದ್ದರಿಂದ ಬಾಲ್ಯದ ಕೆಲವು ವರ್ಷ ಭಾರತದಲ್ಲೇ ಕಳೆಯಿತು. ಆಮೇಲೆ ಅಪ್ಪ ಸಂಸಾರವನ್ನು ನಡುನೀರಲ್ಲಿ ಬಿಟ್ಟು ಹೋದ. ಹುಡುಗ ಟೆಲಿಫೋನ್ ಕಂಪನಿಯಲ್ಲಿ ದುಡಿದ. 1917ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನಲ್ಲಿದ್ದ 40ನೇ ಸ್ಕ್ವಾಡ್ರನ್ ಸೇರುವಾಗ ಅವನಿಗೆ ಮೂವತ್ತು ತುಂಬುವುದರಲ್ಲಿತ್ತು. ನಮ್ಮ ಇಂದ್ರಲಾಲ್ ರಾಯ್ ಮುಂದೆ ಹಾರಿದ್ದೂ ಇದೇ ಸ್ಕ್ವಾಡ್ರನ್ನಿನಲ್ಲಿ.

ಶುರುವಿನಲ್ಲಿ ಮ್ಯಾನಕ್ ವೈರಿಗಳ ಮೇಲೆ ನುಗ್ಗಲಿಲ್ಲ. ನೋಡಿ ನೋಡಿ ಕಲಿಯುತ್ತಿದ್ದ. ಭಯವೂ ಇತ್ತು. ಜೊತೆಯವರು ಅವನನ್ನು ಹೇಡಿಯೆಂದು ಗುಸುಗುಸು ಮಾತಾಡಿಕೊಂಡರು. ಆದರೆ ಭಯಪಡುವುದಕ್ಕೆ ಕಾರಣ ಇರಲಿಲ್ಲವೇ? ಅಂದಿನ ಬ್ರಿಟಿಷ್ ಪೈಲಟ್‌ಗಳಿಗೆ ಪ್ಯಾರಾಚೂಟ್ ಕೊಡುತ್ತಿರಲಿಲ್ಲ! ವಿಮಾನಕ್ಕೆ ಬೆಂಕಿ ಹತ್ತಿದರೆ ಸುಟ್ಟುಹೋಗಬೇಕು, ಇಲ್ಲವೇ ಕೆಳಕ್ಕೆ ಹಾರಬೇಕು. ಬೆಂಕಿಯಲ್ಲಿ ನರಳಿ ಸಾಯುವ ಯೋಚನೆ ಅವನನ್ನು ಎಷ್ಟು ಕಾಡಿತ್ತೆಂದರೆ, ಹಾರುವಾಗಲೆಲ್ಲ ರಿವಾಲ್ವರ್ ಇಟ್ಟುಕೊಂಡಿರುತ್ತಿದ್ದ.

ಹೇಡಿ ಎಂಬ ಹೆಸರು ಹೋಗಬೇಕಾದರೆ ವಿಮಾನ ಉರುಳಿಸಬೇಕಿತ್ತು. ಉರುಳಿಸಿದ. ಒಟ್ಟು ಸುಮಾರು 60. ಹೊಸ ಹುಡುಗರಿಗೆ ಬದುಕಿ ಬರುವುದು ಹೇಗೆಂದು ಕಲಿಸಿದ. ಪದಕಗಳು ಬಂದವು. ಹೀರೊ ಆದಮೇಲೆ ಮನಸ್ಸು ಸರಿಯಿಲ್ಲ ಎಂದು ಹೇಳುವುದು ಇನ್ನೂ ಕಷ್ಟವಾಯಿತೇನೋ.

1918ರ ಜೂನ್‌ನಲ್ಲಿ ರಜೆಗೆಂದು ವೆಲ್ಲಿಂಗ್‌ಬರೊದ ಗೆಳೆಯನ ಮನೆಗೆ ಬಂದವನು, ಮಾತಿನ ನಡುವೆ ಗಡಗಡ ನಡುಗಿ ಬಿಕ್ಕಿ ಬಿಕ್ಕಿ ಅತ್ತ. ಕಾಲು ಮುರಿದಿದ್ದರೆ ಆಸ್ಪತ್ರೆಗೆ ಸೇರಿಸುತ್ತಿದ್ದರು. ಈ ನೋವಿಗೆ ರಜೆ ಕೇಳುವುದು ಹೇಗೆ? ವಿಮಾನ ಕಂಪನಿಗಳ ಪೈಲಟ್‌ಗಳು ಇಂದಿಗೂ ಖಿನ್ನತೆಯನ್ನು ಮುಚ್ಚಿಡುವುದುಂಟು. ಹೇಳಿದರೆ ಮೆಡಿಕಲ್ ಸರ್ಟಿಫಿಕೇಟ್ ಹೋಗಿ ಕೆಲಸಕ್ಕೇ ಕುತ್ತು ಬರುತ್ತದೆಂಬ ಅಂಜಿಕೆ. ಮ್ಯಾನಕ್ ಕಣ್ಣೊರೆಸಿಕೊಂಡು ವಾಪಸ್ ಹೋದ. ಈ ಸಲ 85ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥನಾಗಿ.

ಉರುಳಿಸಿದ ವಿಮಾನದ ಹಿಂದೆ ತೀರಾ ಕೆಳಕ್ಕೆ ಹೋಗಬೇಡಿ ಎಂಬುದು ಅವನೇ ಹುಡುಗರಿಗೆ ಹೇಳಿಕೊಟ್ಟ ಪಾಠ. ಜುಲೈ 26ರ ಬೆಳಿಗ್ಗೆ ಅವನೇ ಅದನ್ನು ಮೀರಿದ. ನೆಲದಿಂದ ಗುಂಡು ತಾಗಿ ವಿಮಾನ ಹೊತ್ತಿಕೊಂಡಿತು. ಅವನಿಗಾಗ 31 ವರ್ಷ.

ಮರುವರ್ಷ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಅರಮನೆಗೆ ಹೋಗಿ ಅದನ್ನು ಪಡೆದುಕೊಂಡವನು, ಅಂದು ಬಿಟ್ಟುಹೋಗಿದ್ದ ಅದೇ ಅಪ್ಪ.