ಕನ್ನಡದ ಮಕ್ಕಳಿಗೆ ಕನ್ನಡ ಶಾಲೆ: ಡೆಪ್ಯುಟಿ ಚನ್ನಬಸಪ್ಪನವರ ನೆನಪು

ಮುಂಬಯಿಯಲ್ಲಿ ನೆಲೆಸಿರುವ ನಾವು ಕನ್ನಡ ಶಾಲೆಗಳ ಬಗ್ಗೆ ಮಾತನಾಡುವಾಗ ಮರೆಯಬಾರದ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. ಧಾರವಾಡ ಇದೇ ಮುಂಬಯಿ ಪ್ರಾಂತದ ಆಡಳಿತಕ್ಕೆ ಒಳಪಟ್ಟಿದ್ದ ಕಾಲದಲ್ಲಿ ಅಲ್ಲಿನ ಕನ್ನಡ ಶಿಕ್ಷಣಕ್ಕೆ ಭದ್ರ ಬುನಾದಿ ಹಾಕಿದವರು ಅವರು.

1818ರಲ್ಲಿ ಪೇಶ್ವೆಯರ ಆಡಳಿತ ಮುಗಿದು ಧಾರವಾಡ, ಬೆಳಗಾವಿ ಭಾಗಗಳು ಬ್ರಿಟಿಷರ ಕೈಸೇರಿದವು. ಕಚೇರಿಯ ಕಾಗದಪತ್ರಗಳು ಮಾತ್ರ ಮರಾಠಿಯಲ್ಲೇ ಮುಂದುವರಿದವು. ನೌಕರಿಗೆ ಮರಾಠಿ ಬೇಕಾದ್ದರಿಂದ ಶಾಲೆಗಳಲ್ಲೂ ಅದೇ ನಡೆಯಿತು. ಮನೆಯಲ್ಲಿ ಕನ್ನಡವೊಂದನ್ನೇ ಕೇಳಿ ಬೆಳೆದ ಮಕ್ಕಳು ಲೆಕ್ಕ, ಭೂಗೋಳಗಳನ್ನು ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡಬೇಕಾಯಿತು. 1830ರ ದಶಕದಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಧಾರವಾಡದಲ್ಲಿ ಕನ್ನಡ ಶಾಲೆ ತೆರೆದರಾದರೂ ಮರಾಠಿಯ ಪ್ರಾಬಲ್ಯ ಕಡಿಮೆಯಾಗಲಿಲ್ಲ.

ಚನ್ನಬಸಪ್ಪನವರು ಹುಟ್ಟಿದ್ದು 1834ರಲ್ಲಿ, ಧಾರವಾಡದಲ್ಲಿ. ಉನ್ನತ ವಿದ್ಯಾಭ್ಯಾಸಕ್ಕೆ ಪುಣೆಗೆ ಹೋದರು. ಮರಾಠಿ, ಇಂಗ್ಲಿಷ್ ಎರಡನ್ನೂ ಬಲ್ಲ ಅವರಿಗೆ ಬೇರೆ ದಾರಿಗಳಿದ್ದವು. ಆದರೂ ತಮ್ಮ ನಾಡಿಗೆ ಮರಳಿ ಶಿಕ್ಷಣ ಖಾತೆಯಲ್ಲೇ ದುಡಿದರು.

ಶಾಲೆಯ ಭಾಷೆ ಕೇವಲ ಸರಕಾರಿ ಆದೇಶದಿಂದ ಬದಲಾಗುವುದಿಲ್ಲ. ಅದಕ್ಕೆ ಕಲಿಸಬಲ್ಲ ಮಾಸ್ತರರು ಬೇಕು, ಪುಸ್ತಕಗಳು ಬೇಕು, ಮಕ್ಕಳನ್ನು ಕಳಿಸುವ ಪಾಲಕರು ಬೇಕು. 1860ರ ದಶಕದಲ್ಲಿ ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕರಾಗಿ ಅವರು ಕನ್ನಡದಲ್ಲಿ ಪಾಠ ಹೇಳುವ ಮಾಸ್ತರರನ್ನು ತಯಾರು ಮಾಡಿದರು. ಮುಂದೆ ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್ ಆಗಿ ಊರೂರು ಸುತ್ತಿ ಕನ್ನಡ ಶಾಲೆಗಳನ್ನು ಬೆಳೆಸಿದರು. ಆ ಹುದ್ದೆಯೇ ಅವರ ಹೆಸರಿನೊಂದಿಗೆ ಸೇರಿಹೋಯಿತು. ಮೇಲಧಿಕಾರಿ ರಸೆಲ್ ಸಾಹೇಬರ ಬೆಂಬಲವೂ ಅವರಿಗಿತ್ತು.

1865ರಲ್ಲಿ ಆರಂಭವಾದ ‘ಮಠಪತ್ರಿಕೆ’ ಶಿಕ್ಷಕರಿಗೆ ನೆರವಾಯಿತು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರೂ ಇದೇ ಶಿಕ್ಷಣ ಖಾತೆಯಲ್ಲಿದ್ದು ಕನ್ನಡ ಗದ್ಯವನ್ನು ಬೆಳೆಸಿದರು. ಚನ್ನಬಸಪ್ಪನವರು ಸ್ವತಃ ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದರು.

1881ರಲ್ಲಿ, ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟುವ ಹೊತ್ತಿಗೆ ಕನ್ನಡ ಓದಬಲ್ಲ ಒಂದು ಪೀಳಿಗೆಯೇ ಬೆಳೆದು ನಿಂತಿತ್ತು. 1956ರ ಏಕೀಕರಣದ ಹಿಂದೆ ಆ ಹಳೆಯ ಶಾಲೆಗಳ ಋಣವೂ ಇದೆ.

ಇಂದು ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತಿದೆ. ಇಂಗ್ಲಿಷ್ ಬೇಕು, ಈ ನೆಲದ ಮರಾಠಿಯೂ ಬೇಕು. ಎರಡನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಚನ್ನಬಸಪ್ಪನವರೂ ಕಲಿತಿದ್ದರು. ಆದರೆ ಭಾಷೆಯೊಂದನ್ನು ಕಲಿಯುವುದು ಬೇರೆ, ಎಲ್ಲ ಪಾಠಗಳನ್ನೂ ಪರಭಾಷೆಯಲ್ಲೇ ಕಲಿಯುವುದು ಬೇರೆ. ಈ ವ್ಯತ್ಯಾಸವನ್ನು ಪಾಲಕರಿಗೆ ತಿಳಿಸಿ ಹೇಳುವ ಕೆಲಸ ನಮ್ಮ ಸಂಘಗಳದ್ದು. ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಪ್ರತಿಯೊಂದು ಸಂಘದ ಪದಾಧಿಕಾರಿಗಳು ಸಮೀಪದ ಕನ್ನಡ ಶಾಲೆಗೆ ಒಮ್ಮೆ ಹೋಗಿ, ಅಲ್ಲಿ ಮಾಸ್ತರರಿದ್ದಾರೆಯೇ, ಪುಸ್ತಕ ಬಂದಿದೆಯೇ, ಎಷ್ಟು ಮಕ್ಕಳು ಸೇರಿದ್ದಾರೆ ಎಂದು ವಿಚಾರಿಸಿದರೆ ಅದೇ ಆ ಹಿರಿಯರಿಗೆ ಸಲ್ಲಿಸುವ ನಿಜವಾದ ಗೌರವ.