ಬರೆಯಲು ಕಲಿಸಿದ ಸಂಪಾದಕ: ಪಿ. ಲಂಕೇಶ್



ನಮ್ಮ ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಆರಂಭವಾಯಿತು. ಅದಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರಿದೆ. ಆ ಹೆಸರಿನ ಫಲಕ ನೋಡಿದಾಗಲೆಲ್ಲ ನಮ್ಮದೇ ತಾಲ್ಲೂಕಿನ ಇನ್ನೊಬ್ಬ ಲೇಖಕರು ನನಗೆ ನೆನಪಾಗುತ್ತಾರೆ. ಅವರು ಅಧ್ಯಾಪಕರಾಗಿದ್ದರು, ಪತ್ರಕರ್ತರಾಗಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಎಂದೂ ಬರೆಯದವರ ಕೈಗೆ ಪೆನ್ನು ಕೊಟ್ಟ ಸಂಪಾದಕರಾಗಿದ್ದರು. ಅವರೇ ಪಿ. ಲಂಕೇಶ್.

ಲಂಕೇಶರು ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿ ಎಂಬ ಹಳ್ಳಿಯಲ್ಲಿ. ಅವರದು ರೈತಾಪಿ ಕುಟುಂಬ. ಹೊಲ, ದನಕರು, ಮಳೆ, ಸಾಲ, ಇವುಗಳ ನಡುವೆಯೇ ಬಾಲ್ಯ ಕಳೆಯಿತು. ಹಳ್ಳಿಯ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್ ಓದಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ಎ. ಮುಗಿಸಿದರು. ನಂತರ ನಮ್ಮ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿಯೇ ಇಂಗ್ಲಿಷ್ ಅಧ್ಯಾಪಕರಾಗಿ ವೃತ್ತಿ ಆರಂಭಿಸಿದರು. ಮುಂದೆ ಬೆಂಗಳೂರಿಗೆ ಹೋಗಿ ಅಲ್ಲಿಯೂ ಹಲವು ವರ್ಷ ಪಾಠ ಹೇಳಿದರು.

ಪಾಠ ಹೇಳಿದ್ದು ಇಂಗ್ಲಿಷಿನಲ್ಲಾದರೂ ಬರೆದದ್ದು ಕನ್ನಡದಲ್ಲಿ. 1963ರಲ್ಲಿ ಅವರ ಮೊದಲ ಕಥಾಸಂಕಲನ 'ಕೆರೆಯ ನೀರನು ಕೆರೆಗೆ ಚೆಲ್ಲಿ' ಪ್ರಕಟವಾಯಿತು. 'ಬಿರುಕು', 'ಮುಸ್ಸಂಜೆಯ ಕಥಾಪ್ರಸಂಗ' ಕಾದಂಬರಿಗಳು, 'ಸಂಕ್ರಾಂತಿ' ಮೊದಲಾದ ನಾಟಕಗಳು ಅವರಿಗೆ ಹೆಸರು ತಂದವು. ಹೊಸ ಕವಿಗಳ ಕವಿತೆಗಳನ್ನು ಆರಿಸಿ 'ಅಕ್ಷರ ಹೊಸ ಕಾವ್ಯ' ಎಂಬ ಸಂಕಲನವನ್ನೂ ಸಂಪಾದಿಸಿದರು. ಬೇರೆಯವರ ಬರಹದಲ್ಲಿ ಯಾವುದು ಜೀವಂತವಾಗಿದೆ ಎಂದು ಗುರುತಿಸುವ ಅವರ ಕಣ್ಣು ಆಗಲೇ ಕಾಣುತ್ತದೆ. ಸಿನಿಮಾದಲ್ಲಿಯೂ ಅವರು ಹಿಂದೆ ಬೀಳಲಿಲ್ಲ. 'ಸಂಸ್ಕಾರ' ಚಿತ್ರದಲ್ಲಿ ನಾರಣಪ್ಪನ ಪಾತ್ರ ಮಾಡಿದರು. 1976ರ 'ಪಲ್ಲವಿ' ಚಿತ್ರಕ್ಕೆ ಶ್ರೇಷ್ಠ ನಿರ್ದೇಶಕರೆಂದು ರಾಷ್ಟ್ರಪ್ರಶಸ್ತಿ ಪಡೆದರು.

ಅವರ ಒಂದು ಕವಿತೆಯ ವಿಷಯ ಇಲ್ಲಿ ಹೇಳಲೇಬೇಕು. ಅದರ ಹೆಸರು 'ಅವ್ವ'. ಕವಿಗಳು ತಾಯಿಯನ್ನು ದೇವತೆ ಎಂದು ಹೊಗಳುವುದು ವಾಡಿಕೆ. ಲಂಕೇಶರು ಹಾಗೆ ಮಾಡಲಿಲ್ಲ. ಹೊಲದಲ್ಲಿ ದುಡಿಯುವ, ಸಿಟ್ಟಾಗುವ, ಮನೆಗಾಗಿ ಹೋರಾಡುವ ತಮ್ಮ ತಾಯಿಯನ್ನು ಇದ್ದ ಹಾಗೆಯೇ ಬರೆದರು. ಓದಿದವರಿಗೆ ಅದರಲ್ಲಿ ತಮ್ಮ ತಮ್ಮ ತಾಯಂದಿರು ಕಂಡರು.

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಈ ಕವಿತೆ ಬಹಳ ಉಪಯೋಗಕ್ಕೆ ಬಂದಿದೆ. 'ನನ್ನ ತಾಯಿ' ಎಂಬ ಪ್ರಬಂಧ ಬರೆಯಿರಿ ಎಂದರೆ ನಮ್ಮ ಮಕ್ಕಳು ಗೈಡಿನಲ್ಲಿರುವ ತಾಯಿಯನ್ನೇ ಬರೆಯುತ್ತಾರೆ. ಮನೆಯಲ್ಲಿ ಅಗರಬತ್ತಿ ಹೊಸೆಯುವ, ರಾತ್ರಿ ಹೊಲಿಗೆ ಯಂತ್ರ ತುಳಿಯುವ ಅಮ್ಮಿ ಆ ಹಾಳೆಯಲ್ಲಿ ಇರುವುದಿಲ್ಲ. ಏಕೆಂದು ಕೇಳಿದರೆ, ಅದನ್ನೆಲ್ಲ ಕನ್ನಡದಲ್ಲಿ ಬರೆಯಬಹುದೇ ಸಾರ್ ಎನ್ನುತ್ತಾರೆ. ಲಂಕೇಶರು ತಮ್ಮ ಜೀವನದ ಕೊನೆಯ ಇಪ್ಪತ್ತು ವರ್ಷ ಈ ಪ್ರಶ್ನೆಗೇ ಉತ್ತರ ಕೊಟ್ಟರು ಎಂದು ನನಗೆ ಅನಿಸುತ್ತದೆ.

ಅಧ್ಯಾಪಕ ವೃತ್ತಿಯನ್ನು ಬಿಟ್ಟು 1980ರಲ್ಲಿ ಅವರು 'ಲಂಕೇಶ್ ಪತ್ರಿಕೆ' ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ತಿಂಗಳ ಸಂಬಳದ ಕೆಲಸ ಬಿಟ್ಟು ಪತ್ರಿಕೆ ಮಾಡುವುದು ಸಣ್ಣ ಧೈರ್ಯವಲ್ಲ. ಅದಕ್ಕಿಂತ ದೊಡ್ಡ ಧೈರ್ಯವೆಂದರೆ, ಪತ್ರಿಕೆಗೆ ಜಾಹೀರಾತು ಬೇಡವೆಂದು ನಿರ್ಧರಿಸಿದ್ದು. ಜಾಹೀರಾತು ಕೊಟ್ಟವರ ವಿರುದ್ಧ ಬರೆಯುವುದು ಕಷ್ಟ. ಓದುಗರು ಕೊಡುವ ಹಣದಿಂದಲೇ ಪತ್ರಿಕೆ ನಡೆದರೆ ಓದುಗರಿಗೆ ಮಾತ್ರ ಉತ್ತರ ಹೇಳಬೇಕಾಗುತ್ತದೆ. ಪತ್ರಿಕೆ ನಡೆದದ್ದು ಹಾಗೆಯೇ. ಆಗ ಮುಖ್ಯಮಂತ್ರಿಯಾಗಿದ್ದ ಗುಂಡೂರಾವ್ ಅವರ ಆಡಳಿತವನ್ನು ಅದು ವಾರ ವಾರವೂ ಟೀಕಿಸಿತು. ನಂತರ ಬಂದ ಸರ್ಕಾರಗಳಿಗೂ ಅದರ ಟೀಕೆ ತಪ್ಪಲಿಲ್ಲ. ಸಂಪಾದಕರ 'ಟೀಕೆ ಟಿಪ್ಪಣಿ' ಅಂಕಣ, 'ನೀಲು' ಎಂಬ ಪುಟ್ಟ ಪದ್ಯಗಳನ್ನು ಜನ ಕಾದು ಓದಿದರು. ಹಳ್ಳಿಯ ಚಹದಂಗಡಿಯಲ್ಲಿ ಆಡುವ ಮಾತು ಅಲ್ಲಿ ಅಚ್ಚಾಗುತ್ತಿತ್ತು.

ಅವರಲ್ಲಿ ದೋಷವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಪತ್ರಿಕೆಯ ಭಾಷೆ ಕೆಲವೊಮ್ಮೆ ಮಿತಿ ಮೀರುತ್ತಿತ್ತು. ಹಲವರ ಮನಸ್ಸು ನೋಯುತ್ತಿತ್ತು. ಮಾನನಷ್ಟ ಮೊಕದ್ದಮೆಗಳೂ ಬಂದವು. ಆದರೆ ಅಧಿಕಾರದಲ್ಲಿದ್ದವರಿಗೆ ಹೆದರಿ ಬರೆದರು ಎಂಬ ಆರೋಪ ಮಾತ್ರ ಅವರ ಮೇಲೆ ಬರಲಿಲ್ಲ. ದಿಲ್ಲಿಯನ್ನು ಸೂರೆಗೊಂಡ ನಾದಿರ್ ಶಾಹನನ್ನು ಕುರಿತು ಅವರು 'ಗುಣಮುಖ' ಎಂಬ ನಾಟಕ ಬರೆದಿದ್ದಾರೆ. ಅದರಲ್ಲಿ ಎಲ್ಲರೂ ನಡುಗುವ ಬಾದಶಹನಿಗೆ ಕಾಯಿಲೆ. ಹೊಗಳಿದವರಿಂದ ಅದು ವಾಸಿಯಾಗುವುದಿಲ್ಲ. ಅಂಜದೆ ನಿಜ ಹೇಳುವ ಒಬ್ಬ ಹಕೀಮನಿಂದ ವಾಸಿಯಾಗುತ್ತದೆ. ಪತ್ರಕರ್ತನ ಕೆಲಸವೂ ಆ ಹಕೀಮನ ಕೆಲಸವೇ ಅಲ್ಲವೇ?

ಇನ್ನು ನಮ್ಮ ಸಮಾಜಕ್ಕೆ ಸಂಬಂಧಿಸಿದ ಮಾತಿಗೆ ಬರುತ್ತೇನೆ. 1981ರಲ್ಲಿ ಮಂಗಳೂರಿನ ಗೃಹಿಣಿಯೊಬ್ಬರು ಕೋಮು ಸೌಹಾರ್ದದ ಬಗ್ಗೆ ಬರೆದ ಲೇಖನ ಲಂಕೇಶ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಮದುವೆಯಾಗಿ ಮನೆ ಸೇರಿದವರು. ವಯಸ್ಸು ನಲವತ್ತೈದು. ಅವರೇ ಸಾರಾ ಅಬೂಬಕ್ಕರ್. ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ತಂದೆಯ ಹಠಕ್ಕೆ ಗಂಡನಿಂದ ತಲಾಕ್ ಪಡೆಯಬೇಕಾಗಿ ಬಂದ ನಾದಿರಾ ಎಂಬ ಹೆಣ್ಣುಮಗಳ ಕಥೆ ಅದು. ಮರಳಿ ಅದೇ ಗಂಡನ ಮನೆ ಸೇರಲು ಇನ್ನೊಬ್ಬನನ್ನು ಮದುವೆಯಾಗಬೇಕೆಂದಾಗ ಅವಳು ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ನಮ್ಮವರಲ್ಲೇ ಹಲವರು ಈ ಬರವಣಿಗೆಗೆ ಸಿಟ್ಟಾದರು. ಮನೆಯ ಮಾತನ್ನು ಬೀದಿಗೆ ತಂದರು ಎಂದರು. ಆದರೆ ಮನೆಯೊಳಗೆ ಅಳುತ್ತಿದ್ದವರ ದನಿಯನ್ನು ಅಲ್ಲಿಯವರೆಗೆ ಯಾರು ಕೇಳಿದ್ದರು? ಹೊರಗಿನವರು ನಮ್ಮ ಬಗ್ಗೆ ಬರೆದರೆ ತಪ್ಪಾಗಿ ಬರೆದರು ಎಂದು ದೂರುತ್ತೇವೆ. ನಮ್ಮವರೇ ಬರೆದರೆ ಏಕೆ ಬರೆದಿರಿ ಎಂದು ಕೇಳುತ್ತೇವೆ. ಈ ಎರಡರ ನಡುವೆ ನಮ್ಮ ಹೆಣ್ಣುಮಕ್ಕಳ ಬದುಕು ಬರೆಯದೇ ಉಳಿಯುತ್ತದೆ.

ಇನ್ನೊಬ್ಬರು ಹಾಸನದ ಬಾನು ಮುಷ್ತಾಕ್. ಅವರ ಮನೆಮಾತು ಉರ್ದು. ಎಂಟನೆಯ ವಯಸ್ಸಿನಲ್ಲಿ ತಂದೆ ಅವರನ್ನು ನಮ್ಮ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂದು ಶಾಲೆಯವರು ಷರತ್ತು ಹಾಕಿದ್ದರು. ಆ ಬಾಲಕಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಮುಂದೆ ಅವರು 1981ರಿಂದ 1990ರವರೆಗೆ ಲಂಕೇಶ್ ಪತ್ರಿಕೆಯ ವರದಿಗಾರರಾಗಿ ದುಡಿದರು. ಮುಸ್ಲಿಂ ಮಹಿಳೆಯೊಬ್ಬರು ಕನ್ನಡ ವಾರಪತ್ರಿಕೆಗೆ ವರದಿ ಮಾಡುವುದು ಆ ಕಾಲದಲ್ಲಿ ಎಷ್ಟು ಅಪರೂಪವೆಂದು ಹಿರಿಯರಿಗೆ ಗೊತ್ತು. ನಂತರ ವಕೀಲರಾದರು, ಕಥೆ ಬರೆಯುತ್ತಲೇ ಇದ್ದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅನುವಾದಿಸಿದವರು ಕೊಡಗಿನ ದೀಪಾ ಭಾಸ್ತಿ. ಕನ್ನಡಕ್ಕೆ ಬಂದ ಮೊದಲ ಬೂಕರ್ ಅದು. ಮನೆಯಲ್ಲಿ ಉರ್ದು ಆಡಿ ಶಾಲೆಯಲ್ಲಿ ಕನ್ನಡ ಕಲಿತ ಮಗುವಿನ ಕೈಯಿಂದ ಅದು ಬಂತು.

ಲಂಕೇಶರು ಈ ಇಬ್ಬರ ಪ್ರತಿಭೆಯನ್ನು ಸೃಷ್ಟಿಸಿದರು ಎಂದಲ್ಲ. ಪ್ರತಿಭೆ ಅವರದೇ, ಶ್ರಮವೂ ಅವರದೇ. ಸಂಪಾದಕರು ಮಾಡಿದ್ದು ಬಾಗಿಲು ತೆರೆದದ್ದು. ನಿಮಗೆ ಗೊತ್ತಿರುವ ಬದುಕನ್ನು ನಿಮ್ಮ ಮಾತಿನಲ್ಲೇ ಬರೆಯಿರಿ, ಅಚ್ಚು ಮಾಡುವ ಹೊಣೆ ನನ್ನದು ಎಂಬ ಭರವಸೆಯನ್ನು ಅವರ ಪತ್ರಿಕೆ ಕೊಟ್ಟಿತು. ಕಾಲೇಜು ಬಿಟ್ಟ ಮೇಷ್ಟರು ಪಾಠ ಬಿಡಲಿಲ್ಲ, ತರಗತಿಯನ್ನು ದೊಡ್ಡದು ಮಾಡಿದರು ಅಷ್ಟೇ.

1993ರಲ್ಲಿ 'ಕಲ್ಲು ಕರಗುವ ಸಮಯ' ಕಥಾಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 'ಹುಳಿ ಮಾವಿನ ಮರ' ಎಂಬ ಹೆಸರಿನಲ್ಲಿ ಆತ್ಮಕಥೆಯನ್ನೂ ಬರೆದರು. 2000ದ ಜನವರಿ 25ರಂದು ಬೆಂಗಳೂರಿನಲ್ಲಿ ನಿಧನರಾದರು. ತಂದೆಯ ನಂತರ ಸಂಪಾದಕಿಯಾದ ಮಗಳು ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ನಿಜ ಬರೆಯುವುದರ ಬೆಲೆ ಎಷ್ಟೆಂದು ಆ ಕುಟುಂಬಕ್ಕೆ ಗೊತ್ತು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಲ್ಲರೂ ಪತ್ರಕರ್ತರಾಗಬೇಕಿಲ್ಲ. ಆದರೆ ಮುಂದಿನ ಸಲ 'ನನ್ನ ತಾಯಿ' ಎಂಬ ಪ್ರಬಂಧ ಬಂದಾಗ ಗೈಡನ್ನು ಮುಚ್ಚಿಡಿ. ನಿಮ್ಮ ಅಮ್ಮಿ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ, ದಿನವಿಡೀ ಏನು ಮಾಡುತ್ತಾರೆ, ಏಕೆ ಸುಮ್ಮನಾಗುತ್ತಾರೆ ಎಂದು ಬರೆಯಿರಿ. ಕನ್ನಡದಲ್ಲಿ ಒಂದು ಪದ ಸಿಗದಿದ್ದರೆ ಮನೆಯ ಪದವನ್ನೇ ಹಾಕಿ. ತಪ್ಪು ತಿದ್ದಲು ನಾವು ಮೇಷ್ಟರು ಇದ್ದೇವೆ. ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಅಂಥ ಒಂದೆರಡು ಬರಹಗಳು ಬಂದರೆ, ಕೊನಗವಳ್ಳಿಯ ಆ ಮೇಷ್ಟರಿಗೆ ನಾವು ಸಲ್ಲಿಸುವ ಗೌರವ ಅದೇ.